ಅವಳು ಕಟ್ಟಿಕೊಟ್ಟ ಪೆಡಲ್

ಅವನು ಮೊದಲ ಸಲ ಅವಳೆದುರು ಬಂದು ನಿಂತಾಗ ಅವನ ಅಂಗೈಯಲ್ಲಿ ಅಜ್ಜಿಯ ಕಿವಿ ಇತ್ತು.

“ಇದು ಸಿಳ್ಳೆ ಹೊಡೆಯುತ್ತೆ,” ಎಂದು ಕಿವಿಯ ಮಿಷನ್ನನ್ನು ಮೇಜಿನ ಮೇಲಿಟ್ಟ. “ಬಸ್ಸಲ್ಲಿ ಅಜ್ಜಿ ಪಕ್ಕ ಕೂತ್ರೆ ಹೆಂಗಸರೆಲ್ಲ ತಿರುಗಿ ನನ್ನನ್ನೇ ಗುರಾಯಿಸ್ತಾರೆ. ನೀವು ಮಾರೋದು ಮಿಷನ್ನೋ, ಸಿಳ್ಳೆನೋ?”

ಶ್ರವಣಯಂತ್ರದ ಆ ಪುಟ್ಟ ಅಂಗಡಿಯಲ್ಲಿ ರಿಪೇರಿ ನೋಡಿಕೊಳ್ಳುತ್ತಿದ್ದವಳು ಅವಳು. ಗಿರಾಕಿಗಳು ಪ್ರೀತಿಯಿಂದ ಕಿವಿ ಡಾಕ್ಟ್ರು ಎನ್ನುತ್ತಿದ್ದರು. ಮಿಷನ್ನನ್ನು ತಿರುಗಿಸಿ ನೋಡಿದಳು. ಅಜ್ಜಿಯ ಕಿವಿಗೆ ಕೂರಬೇಕಾದ ಅಚ್ಚು ಕೂದಲೆಳೆಯಷ್ಟು ಸಡಿಲವಾಗಿತ್ತು. ಆ ಸಂದಿಯಿಂದ ಸದ್ದು ಸೋರಿ ಸಿಳ್ಳೆಯಾಗುತ್ತಿತ್ತು. ಆ ಅಚ್ಚು ಮಾಡಿದ್ದವಳು ಅವಳೇ.

“ನನ್ನ ತಪ್ಪು. ಹೊಸ ಅಚ್ಚು ಮಾಡಿಕೊಡ್ತೀನಿ.”

ಜಗಳಕ್ಕೆ ತೋಳೇರಿಸಿಕೊಂಡು ಬಂದವನು ಮೆಲ್ಲಗೆ ತೋಳು ಇಳಿಸಿಕೊಂಡ. ತಪ್ಪನ್ನು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವವರನ್ನು ಅವನು ಕಂಡಿರಲಿಲ್ಲ. ಅವನು ಕಾರು ಕಲಿಸುವ ಮೇಷ್ಟ್ರು. ಬೇಲಿಗೆ ಗುದ್ದಿದವರೂ ಬೇಲಿಯದೇ ತಪ್ಪು ಎನ್ನುವುದನ್ನು ದಿನಾ ಕೇಳಿ ಕೇಳಿ ಸಾಕಾಗಿತ್ತು!

ಅಚ್ಚಿಗಾಗಿ ಅಜ್ಜಿಯನ್ನು ಕರೆತಂದ ದಿನ ಅವನ ಎಡಗೈ ಬೆರಳ ತುದಿಗಳು ಗಟ್ಟಿಯಾಗಿರುವುದು ಅವಳ ಕಣ್ಣಿಗೆ ಬಿತ್ತು. ಗಿಟಾರ್ ನುಡಿಸುತ್ತೀರಾ ಎಂದು ಕೇಳಿದಳು. ಅಷ್ಟೇ ಸಾಕಾಯಿತು. ಹಗಲೆಲ್ಲ ಕಾರಿನ ಮೂರು ಪೆಡಲ್ ತುಳಿಯುವುದು ಹೊಟ್ಟೆಗೆ, ಸಂಜೆ ತಂತಿ ಮೀಟುವುದು ತನಗೆ ಎಂದು ಹೇಳಿಕೊಂಡ. ಆದರೆ ತನ್ನ ಗಿಟಾರಿನ ದನಿ ಮಾತ್ರ ತೊಳೆದಿಟ್ಟ ತಟ್ಟೆಯ ಹಾಗೆ, ತೀರಾ ಚೊಕ್ಕ.

“ಅದಕ್ಕೆ ಸ್ವಲ್ಪ ಗಂಟಲು ಬೇಕು,” ಎಂದ.

“ಗಂಟಲು ಅಂದ್ರೆ?”

“ಅತ್ತು ಮುಗಿಸಿದ ಮೇಲೆ ಯಾರಾದ್ರೂ ಮಾತಾಡಿದ್ರೆ ಹೇಗಿರುತ್ತೆ... ಹಾಗೆ.”

ಅವಳ ಎದೆಯಲ್ಲಿ ಏನೋ ಮಿಸುಕಿತು. ಸದ್ದಿನ ಕೊಳೆ ತೆಗೆದು ಚೊಕ್ಕ ಮಾಡುವುದೇ ಅವಳ ಕಸುಬು. ಅದನ್ನು ಒಂದಿಷ್ಟು ಒರಟು ಮಾಡಿಕೊಡಿ ಎಂದು ಇದುವರೆಗೆ ಯಾರೂ ಕೇಳಿರಲಿಲ್ಲ. ಹಳೆಯ ರೇಡಿಯೋಗಳಲ್ಲಿ ಉರಿಯುತ್ತಿದ್ದಂಥ ಗಾಜಿನ ವಾಲ್ವ್ ಹಾಕಿದರೆ ಆ ದನಿ ಬರುತ್ತದೆ ಎಂದಳು. ತಾಳಲಾರದಷ್ಟು ಸದ್ದನ್ನು ಅದರ ಮೇಲೆ ಹೊರಿಸಿದರೆ ದನಿಯ ಅಂಚು ಹರಿಯುತ್ತದೆ, ಆ ಹರಿದ ಅಂಚೇ ನೀವು ಕೇಳುತ್ತಿರುವ ಗಂಟಲು. ಹೇಳುತ್ತಾ ಹೇಳುತ್ತಾ, ಗಿಟಾರಿಗೂ ಸ್ಪೀಕರಿಗೂ ನಡುವೆ ಇಟ್ಟು ಕಾಲಲ್ಲಿ ಒತ್ತುವಂಥ ಒಂದು ಪೆಡಲ್ ನಾನೇ ಕಟ್ಟಿಕೊಡುತ್ತೇನೆ ಎಂದೂ ಬಾಯಿಂದ ಬಂದುಬಿಟ್ಟಿತು.

‘ಅಯ್ಯೋ, ನನಗ್ಯಾಕೆ ಬೇಕಿತ್ತು ಇದು!’ ಎಂದುಕೊಂಡಳು. ಆದರೆ ಮನೆಗೆ ಹೋಗುವಾಗ ಹೆಜ್ಜೆ ನೆಲಕ್ಕೆ ತಾಗುತ್ತಿರಲಿಲ್ಲ.

ಅತ್ತಿಗೆಯ ಇಸ್ತ್ರಿ ಮೇಜು ಅವಳ ಕಾರ್ಖಾನೆಯಾಯಿತು. ಹಳೆಯ ಕಾರ್ ರೇಡಿಯೋಗಳಿಗೆಂದೇ ಮಾಡಿದ, ಹನ್ನೆರಡು ವೋಲ್ಟಿಗೇ ಉರಿಯುವ ಪುಟ್ಟ ವಾಲ್ವೊಂದನ್ನು ಗುಜರಿಯಲ್ಲಿ ಹುಡುಕಿ ತಂದಳು. ಶಾಕ್ ಹೊಡೆಯುವುದಿಲ್ಲ ಎಂದು ಅಮ್ಮನಿಗೆ ಆಣೆ ಮಾಡಿ ಹೇಳಬೇಕಾಯಿತು. ಅಲ್ಯೂಮಿನಿಯಂ ಊಟದ ಡಬ್ಬಕ್ಕೆ ತೂತು ಕೊರೆದು ವಾಲ್ವ್ ಕೂರಿಸಿ, ಕಾಲಲ್ಲಿ ಒತ್ತುವ ಸ್ವಿಚ್ಚಿಟ್ಟು, ಮೇಲೆ ಅದರದೇ ಮುಚ್ಚಳ ಬಿಗಿದಳು. ಮೊದಲು ಕಟ್ಟಿದ್ದು ಬರೀ ಗುಂಯ್‌ಗುಟ್ಟಿತು. ಬಿಚ್ಚಿದಳು. ಆಮೇಲಿನದು ನಾಯಿಮರಿಯ ಹಾಗೆ ಕುಂಯ್‌ಗುಟ್ಟಿತು. ಅದನ್ನೂ ಬಿಚ್ಚಿದಳು.

ಅಂಗಡಿಗೆ ರಜೆಯಿದ್ದ ದಿನಗಳಲ್ಲಿ ಅವನು ಗಿಟಾರ್ ಹೊತ್ತು ಬರುತ್ತಿದ್ದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ನುಡಿಸುತ್ತಿದ್ದ, ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಕೊನೆಗೊಂದು ದಿನ ತಂತಿ ಮೀಟಿದ ಕೂಡಲೇ ಅವಳು ಕಣ್ಣು ತೆರೆದಳು. ಆ ದನಿಗೆ ಗಂಟಲು ಬಂದಿತ್ತು.

ಅವನು ಅವಳನ್ನೇ ನೋಡಿದ. ಅವಳು ಸ್ಕ್ರೂಡ್ರೈವರ್ ಹುಡುಕುವವಳಂತೆ ತಲೆ ಬಗ್ಗಿಸಿದಳು. ಅದು ಅವಳ ಕೈಯಲ್ಲೇ ಇತ್ತು.

ಗ್ರಂಥಾಲಯದ ಸಭಾಂಗಣದಲ್ಲಿ ಅವನ ಕಾರ್ಯಕ್ರಮವಿತ್ತು. ಅಮ್ಮ, ಅಣ್ಣ, ಅತ್ತಿಗೆ ಮೂವರನ್ನೂ ಅವಳು ಹೊರಡಿಸಿದಳು. ಆ ಸಂಜೆಯೇ ಅವನ ವಿಷಯ ಹೇಳಿಬಿಡಬೇಕೆಂದಿದ್ದಳು.

“ನಮ್ಮನ್ನ ಕರ್ಕೊಂಡು ಹೋಗ್ತಿರೋದು ಪೆಡಲ್ ತೋರಿಸೋಕೋ, ತುಳಿಯೋರನ್ನ ತೋರಿಸೋಕೋ?” ಎಂದು ಅತ್ತಿಗೆ ಕಿವಿಯಲ್ಲಿ ಕೇಳಿದಾಗ ಅವಳ ಕೆನ್ನೆ ಕೆಂಪೇರಿತು.

ಹಾಡು ನಿಧಾನದ್ದು. ಸಭೆ ಉಸಿರು ಹಿಡಿದು ಕೂತಿತ್ತು. ಅವನು ಪೆಡಲ್ ಒತ್ತಿದ.

“ಮಲಬದ್ಧತೆಯಿಂದ ಬಳಲುತ್ತಿದ್ದೀರಾ?” ಎಂದಿತು ಸ್ಪೀಕರ್.

ಯಾವುದೋ ರೇಡಿಯೋ ಜಾಹೀರಾತು ಅವಳ ಪೆಡಲಿನೊಳಗೆ ನುಗ್ಗಿತ್ತು. ಚೂರ್ಣದ ಗುಣಗಾನ ಸಾಂಗವಾಗಿ ನಡೆಯಿತು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಣ್ಣನೂ ನಕ್ಕ.

ಅವನು ತಬ್ಬಿಬ್ಬಾಗಿ ವೈರು ಕಿತ್ತು, ಮೈಕಿನ ಹತ್ತಿರ ಬಂದ. “ಮನೇಲಿ ಕಟ್ಟಿದ್ದು... ಸ್ವಲ್ಪ ಹೊಂದಿಸ್ಕೊಳ್ಳಿ. ಮಾಡಿದವರು ಅಲ್ಲೇ ಕೂತಿದಾರೆ, ದೂರು ಇದ್ರೆ ಅವರಿಗೇ ಹೇಳಿ,” ಎಂದು ನಗುತ್ತಾ ಕೈ ತೋರಿಸಿದ.

ಸಭೆಗೆ ಸಭೆಯೇ ಅವಳತ್ತ ತಿರುಗಿತು.

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಎಲ್ಲಿ ಬೆಸುಗೆ ಬಿಟ್ಟಿತು, ಯಾವ ವೈರು ತಪ್ಪಿತು ಎಂದು ಒಂದು ಮನಸ್ಸು ಹುಡುಕುತ್ತಿದ್ದರೆ, ಇನ್ನೊಂದು ಅವನ ಆ ಕೈಯನ್ನೇ ನೋಡುತ್ತಿತ್ತು. ಬೈದಿದ್ದರೂ ತಡೆದುಕೊಳ್ಳುತ್ತಿದ್ದಳು... ನಗುವವರ ಮುಂದೆ ಎತ್ತಿ ಕೊಟ್ಟುಬಿಟ್ಟನಲ್ಲ!

ಪೆಡಲಿಲ್ಲದೆಯೇ ಅವನು ಮತ್ತೆ ಶುರುಮಾಡಿದ ಹಾಡು ಮುಗಿಯುವ ಮೊದಲೇ ಎದ್ದು ಬಂದಳು. ಹೊರಗೆ ಅತ್ತಿಗೆ ತೋಳು ಹಿಡಿದು, ಅವನು ಯಾರು, ನಿಜ ಹೇಳು ಎಂದು ಮೆತ್ತಗೆ ಕೇಳಿದಳು.

“ಯಾರೋ ಗಿರಾಕಿ, ಅಷ್ಟೇ.”

ಹೇಳಿದ ಮರುಕ್ಷಣವೇ ನಾಲಿಗೆ ಕಹಿಯಾಯಿತು.

ಆಮೇಲಿನ ದಿನಗಳಲ್ಲಿ ಅವನ ಫೋನನ್ನು ಅವಳು ಎತ್ತಲಿಲ್ಲ. ಇಸ್ತ್ರಿ ಮೇಜಿನ ಮೇಲೆ ಉಳಿದಿದ್ದ ವೈರಿನ ತುಂಡುಗಳನ್ನೆಲ್ಲ ಗುಡಿಸಿ ಚೀಲಕ್ಕೆ ತುಂಬಿ ಮಂಚದಡಿ ತಳ್ಳಿದಳು. ಅಂಗಡಿಯಲ್ಲಿ ಯಾರಾದರೂ ಜೋರಾಗಿ ನಕ್ಕರೂ ಅವಳ ಕುತ್ತಿಗೆ ಬಿಸಿಯಾಗುತ್ತಿತ್ತು.

ಒಂದು ಮಧ್ಯಾಹ್ನ ಮಿಷನ್ನಿನ ಬ್ಯಾಟರಿ ಬದಲಿಸಲು ಅಜ್ಜಿ ಬಂದರು. ಅವಳು ಸರ್ರನೆ ಹಿಂದಿನ ಕೋಣೆಗೆ ಹೋಗಿ, ಬಾಗಿಲ ಸಂದಿಯಿಂದ ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವವಳಿಗೆ ಪಿಸುಗುಟ್ಟಿದಳು. “ನಾನಿಲ್ಲ ಅಂತ ಹೇಳು.”

“ಹೊಸ ಅಚ್ಚು ಎಷ್ಟು ಚೆನ್ನಾಗಿ ಕೂತಿದೆ ಅಂದ್ರೆ,” ಎಂದರು ಅಜ್ಜಿ, ಗೋಡೆಯ ಕಡೆ ನೋಡುತ್ತಾ, “ಇಲ್ಲದೋರು ಪಿಸುಗುಟ್ಟಿದ್ದೂ ಕೇಳ್ಸುತ್ತಮ್ಮ.”

ತನ್ನ ಕೈಕೆಲಸವೇ ತನ್ನನ್ನು ಹಿಡಿದುಕೊಟ್ಟಿತ್ತು. ಅವಳು ತಲೆ ತಗ್ಗಿಸಿ ಈಚೆ ಬಂದಳು.

ಅಜ್ಜಿ ಬೈಯಲಿಲ್ಲ. ಮೊಮ್ಮಗ ಹೊರಗೆ ಕಾರಿನಲ್ಲಿ ಕೂತಿದ್ದಾನೆ, ಒಳಗೆ ಬರಲು ಮುಖವಿಲ್ಲ ಎನ್ನುತ್ತಾನೆ, ಗಿಟಾರು ಮುಟ್ಟಿಲ್ಲ ಎಂದರು. “ನಾಚಿಕೆಗೆ ಇಬ್ಬರೂ ಬಾಗಿಲ ಹಿಂದೇನೇ ಕೂತ್ರೆ ತೆಗೆಯೋರು ಯಾರಮ್ಮ? ಹೋಗು. ನಾನಿಲ್ಲಿ ಫ್ಯಾನಿನ ಕೆಳಗೆ ಕೂತಿರ್ತೀನಿ.”

ಕಲಿಯುವವರ ಕಾರು ಮರದ ನೆರಳಲ್ಲಿ ನಿಂತಿತ್ತು. ಅವಳನ್ನು ಕಂಡು ಅವನು ಇಳಿಯಹೊರಟ. ಅವಳೇ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತಳು.

“ನಿಮ್ಮ ಪೆಡಲಲ್ಲಿ ಏನೂ ತಪ್ಪಿರಲಿಲ್ಲ,” ಎಂದ ಅವನು. “ಮುಚ್ಚಳ ತೆಗೆದಿದ್ದೆ.”

“ಏನು?”

“ಒಳಗೆ ವಾಲ್ವ್ ಉರಿಯೋದು ನಿಮ್ಮ ಮನೆಯವರಿಗೆ ಕಾಣ್ಲಿ, ಎಷ್ಟು ಚಂದದ ಕೆಲಸ ಅಂತ ಗೊತ್ತಾಗ್ಲಿ ಅಂತ... ಅದರ ಬದಲು ಗಾಜಿನ ಥರದ ಪ್ಲಾಸ್ಟಿಕ್ ಹಾಕಿದ್ದೆ.”

ಅವಳಿಗೆ ಎಲ್ಲವೂ ಹೊಳೆಯಿತು. ರೇಡಿಯೋ ಅಲೆಗಳನ್ನು ಹೊರಗೇ ತಡೆಯುತ್ತಿದ್ದುದು ಆ ಲೋಹದ ಮುಚ್ಚಳವೇ. ಅದಿಲ್ಲದೆ ಡಬ್ಬ ಬಾಗಿಲಿಲ್ಲದ ಮನೆಯಾಗಿತ್ತು.

“ಅಲ್ಲೇ ಗೊತ್ತಾಯ್ತು ನನಗೆ, ತಪ್ಪು ನನ್ನದು ಅಂತ. ಆದ್ರೂ ನಿಮ್ಮ ಕಡೆ ಕೈ ತೋರಿಸ್ದೆ. ನಗು ನನ್ನ ಮೇಲೆ ಬೀಳದೇ ಇರ್ಲಿ ಅಂತ.” ಅವನ ದನಿ ಒಡೆಯಿತು. “ನೀವು ಮೊದಲ ದಿನ ‘ನನ್ನ ತಪ್ಪು’ ಅಂತ ಎಷ್ಟು ಸಲೀಸಾಗಿ ಹೇಳಿದ್ರಿ! ನನ್ನ ಬಾಯಿಗೆ ಅದು ಬರ್ಲೇ ಇಲ್ಲ.”

ಕ್ಷಮಿಸಿಬಿಡುವುದು ಆಗ ಸುಲಭವಿತ್ತು. ಅವನನ್ನು ಅಪರಾಧಿಯ ಜಾಗದಲ್ಲೇ ಕೂರಿಸಿ ತಾನು ದೊಡ್ಡವಳಾಗಬಹುದಿತ್ತು. ಅವಳಿಂದ ಆಗಲಿಲ್ಲ.

“ನಾನೂ ಒಂದು ಮಾಡಿದೀನಿ,” ಎಂದಳು ಮಡಿಲಿನ ಕೈಗಳನ್ನು ನೋಡುತ್ತಾ. “ಅವತ್ತು ಅತ್ತಿಗೆ ನೀವ್ಯಾರು ಅಂತ ಕೇಳಿದ್ರು. ಯಾರೋ ಗಿರಾಕಿ ಅಂದೆ.”

ಅವನು ಸ್ಟೀರಿಂಗಿನ ಕಡೆ ಮುಖ ತಿರುಗಿಸಿದ. ಅವನಿಗೆ ನೋವಾಯಿತೆಂದು ಅವಳಿಗೆ ಕಂಡಿತು, ಆದರೂ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ.

“ಮತ್ತೆ ಯಾರು ನಾನು?” ಎಂದು ಕೊನೆಗೆ ಕೇಳಿದ. ದನಿ ತೀರಾ ಸಣ್ಣದಾಗಿತ್ತು.

“ಭಾನುವಾರ ಮನೆಗೆ ಬಾ. ಎಲ್ಲರ ಮುಂದೆ ಹೇಳ್ತೀನಿ.”

ಅವನು ಥಟ್ಟನೆ ತಿರುಗಿದ. “ಬಾ ಅಂದ್ರಾ?”

“ಹೂಂ,” ಎಂದಳು. ನಾಚಿಕೆಯಿಂದ ಕಣ್ಣುಗಳು ತುಂಬಿದ್ದವು, ಆದರೆ ಈ ಸಲ ಅವುಗಳನ್ನು ಬಚ್ಚಿಡಬೇಕೆನಿಸಲಿಲ್ಲ. “ಬಾ ಅಂದೆ. ಬರ್ತೀಯಾ?”

“ಬರ್ತೀನಿ ಕಣೇ,” ಎಂದ ಅವನು.