ಗುಬ್ಬಿಯ ಕ್ಯಾಮೆರಾಕ್ಕೆ ಸಿಗದ ಹಲಗೆ

"ಏಯ್! ಮುಟ್ಟಬೇಡಿ ಅದನ್ನ! ಇನ್ನೂ ಫೋಟೋ ತೆಗೆದಿಲ್ಲ!"

ಮರಳಿನಲ್ಲಿ ಅರ್ಧ ಹೂತಿದ್ದ ದಿಮ್ಮಿಯನ್ನು ಎತ್ತಲು ಬಾಗಿದ್ದವನು ಹಾಗೇ ನಿಂತುಬಿಟ್ಟ. ಕ್ಯಾಮೆರಾ ಎದೆಗೆ ಬಡಿಯುವಂತೆ ಓಡಿಬಂದ ಹುಡುಗಿಗೆ ಏದುಸಿರು. ಮನೆಯಲ್ಲಿ ಎಲ್ಲರೂ ಕರೆಯೋದು ಗುಬ್ಬಿ ಅಂತ. ಕೋಪ ಮಾತ್ರ ಗುಬ್ಬಿಯದಲ್ಲ, ಸದಾ ಮೂಗಿನ ತುದಿಯಲ್ಲೇ!

"ಕಡಲು ಬಿಸಾಕಿದ ಮರಕ್ಕೆಲ್ಲ ಫೋಟೋ ಯಾಕ್ರೀ?"

"ನನ್ನಣ್ಣನ ದೋಣಿ ವಾಪಸ್ ಬಂದಿಲ್ಲ. ಏಳು ತಿಂಗಳಾಯ್ತು. ದಡಕ್ಕೆ ಬಂದ ಒಂದೊಂದು ಮರದ ಚೂರನ್ನೂ ಅಮ್ಮನಿಗೆ ತೋರಿಸಬೇಕು... ಸಾಕಾ?"

ಅವನ ಮುಖ ಸಪ್ಪಗಾಯಿತು. "ಹಸಿರು ದೋಣಿ ತಾನೇ? ಅದನ್ನ ಕಟ್ಟಿದ್ದು ನಾನೇ."

ಗುಬ್ಬಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅಣ್ಣ ಬಾಯ್ತುಂಬ ಹೊಗಳುತ್ತಿದ್ದ ಬಡಗಿ... ಇವನೇನಾ?

ಮರುದಿನದಿಂದ ಅವನೂ ಬೆಳಬೆಳಗ್ಗೆ ದಡಕ್ಕೆ ಬರತೊಡಗಿದ. ಫೋಟೋಗೆಂದು ದಿಮ್ಮಿ ಹೊರಳಿಸಿಕೊಡುವನು, ಪಾಚಿ ಕೆರೆಯುವನು, ಕೊನೆಗೆ ಬೆರಳಿನಿಂದ ಸವರಿ ನೋಡಿ, "ನನ್ನ ಕೈಕೆಲಸ ಅಲ್ಲ" ಎನ್ನುವನು. ಮನೆಯಲ್ಲಿ ಅಮ್ಮ ಕ್ಯಾಮೆರಾವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, "ಬಡಗಿ ಏನಂದ?" ಎಂದು ಕೇಳುವರು. "ಅಲ್ಲವಂತೆ" ಎಂದರೆ ಸಾಕು, ಅಮ್ಮನಿಗೆ ಅವತ್ತಿನ ಊಟ ಸೇರುತ್ತಿತ್ತು.

ಗುಬ್ಬಿಗೋ... ಬರಬರುತ್ತಾ ಮರ ಬಾರದ ದಿನವೂ ಕಾಲು ದಡದ ಕಡೆಗೇ ಎಳೆಯುತ್ತಿತ್ತು. ಅಲೆ, ಮೋಡ, ಮರಳಿನ ಮೇಲಿನ ಗೆರೆ ಅಂತ ಏನೇ ತೆಗೆದರೂ ಒಂದು ಮೂಲೆಯಲ್ಲಿ ಅವನು! 'ಅಣ್ಣನೇ ಸಿಕ್ಕಿಲ್ಲ, ನನಗೆ ಇದೆಲ್ಲ ಬೇಕಾ?' ಎಂದು ತನ್ನನ್ನೇ ಬೈದುಕೊಂಡಳು. ಬೈದರೆ ಕೇಳುವಂಥ ಮನಸ್ಸಾ ಅದು?

ಹೀಗೆ ನಾಲ್ಕು ತಿಂಗಳು ಕಳೆದವು. ಒಂದು ಮಧ್ಯಾಹ್ನ, ಚೆನ್ನಾಗಿ ಬಂದ ಒಂದು ಫೋಟೋ ಕೊಡೋಣವೆಂದು ಅವನ ಶೆಡ್ಡಿಗೆ ಹೋದಳು. ಅವನಿರಲಿಲ್ಲ. ಕೂರಲು ಜಾಗ ಮಾಡಿಕೊಳ್ಳಲೆಂದು ಮೂಲೆಯ ಟಾರ್ಪಾಲು ಸರಿಸಿದಳು...

ಹಸಿರು ಬಣ್ಣದ ಹಲಗೆ! ಅದರ ಒಳಬದಿಯಲ್ಲಿ ಅಣ್ಣ ತಾನೇ ಉಳಿ ಹಿಡಿದು ಸೊಟ್ಟಸೊಟ್ಟ ಕೆತ್ತಿದ್ದ ಹೆಸರು... ಗುಬ್ಬಿ.

ಅಷ್ಟರಲ್ಲಿ ಅವನು ಬಂದು ಬಾಗಿಲಲ್ಲೇ ನಿಂತ.

"ಯಾವಾಗ ಸಿಕ್ತು?" ಗುಬ್ಬಿಯ ದನಿ ಅವಳಿಗೇ ಕೇಳಿಸಲಿಲ್ಲ.

"ಮೂರು ತಿಂಗಳಾಯ್ತು. ಅವತ್ತು ಬೆಳಗ್ಗೆ ನೀವು ದಡಕ್ಕೆ ಬರೋಕೆ ಮುಂಚೆ."

"ದೋಣಿಯ ಯಾವ ಭಾಗ ಇದು?"

"ತಳ."

ತಳವೇ ಕಿತ್ತುಹೋದ ದೋಣಿ ಎಲ್ಲಿಂದ ವಾಪಸ್ ಬಂದೀತು?

"ಮೂರು ತಿಂಗಳು! ದಿನಾ ನನ್ನ ಮುಖ ನೋಡ್ಕೊಂಡು 'ಅಲ್ಲ, ಅಲ್ಲ' ಅಂದಿರಲ್ಲ! ಅಮ್ಮನ ಮೇಲೆ ಕರುಣೆನಾ?"

"ಹಾಗಂದ್ರೆ ಅದೂ ಸುಳ್ಳಾಗುತ್ತೆ. ಇದು ಸಿಕ್ಕಿದ್ದು ಗೊತ್ತಾದ್ರೆ ನೀವು ದಡಕ್ಕೆ ಬರೋದು ನಿಂತುಹೋಗುತ್ತೆ ಅಂತ... ಅಷ್ಟೇ."

"ನನ್ನಣ್ಣನ ಸಾವನ್ನ ಬಚ್ಚಿಟ್ಟು ನನ್ನ ಪ್ರೀತಿಸಿದ್ರಾ? ಥೂ!"

ಹಲಗೆಯನ್ನು ಅಪ್ಪಿಕೊಂಡೇ ಮನೆಗೆ ನಡೆದಳು. ಅಮ್ಮ ಆ ಅಕ್ಷರಗಳ ಮೇಲೆ ಕೈಯಿಟ್ಟವರು ಮೂರು ದಿನ ಅತ್ತರು. ನಾಲ್ಕನೆಯ ದಿನ, ಮಗ ಬಂದಾನೆಂದು ಇಷ್ಟು ದಿನ ತೆರೆದೇ ಇಟ್ಟಿದ್ದ ಬಾಗಿಲಿಗೆ ತಾವೇ ಚಿಲಕ ಹಾಕಿದರು. ಅಮ್ಮನನ್ನು ಹಿಡಿದುಕೊಳ್ಳಬೇಕಲ್ಲ, ಗುಬ್ಬಿ ಅಳಲಿಲ್ಲ. ಹಲಗೆ ಬಚ್ಚಿಟ್ಟವನ ವಿಷಯವನ್ನೂ ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ, ಪಾಪ, ಅವಳಿಗೂ ಗೊತ್ತಿಲ್ಲ.

ತಿಂಗಳ ಮೇಲೆ ಒಂದು ಸಂಜೆ ಅವನೇ ಬಂದು ಅಮ್ಮನ ಮುಂದೆ ತಲೆತಗ್ಗಿಸಿ ನಿಂತ.

"ಅಮ್ಮಾ, ಆ ಹಲಗೆ ಬಚ್ಚಿಟ್ಟಿದ್ದು ನಾನು. ಮೂರು ತಿಂಗಳು. ಗುಬ್ಬಿಗೆ ಗೊತ್ತಿರಲಿಲ್ಲ."

ಅಮ್ಮ ಗೋಡೆಗೆ ಒರಗಿಸಿದ್ದ ಹಲಗೆಯನ್ನು ಸವರಿದರು.

"ಇನ್ನೂ ಮೂರು ತಿಂಗಳು ನನ್ನ ಮಗ ನನಗೆ ಬದುಕಿದ್ದ... ನಿನ್ನಿಂದ. ಬೈಯಲೋ, ಹರಸಲೋ, ತೋಚ್ತಾ ಇಲ್ಲ ಕಣಪ್ಪಾ." ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

ಜಗಲಿಯಲ್ಲಿ ಇಬ್ಬರೇ ಉಳಿದರು.

"ನಾನು ನಿಮ್ಮನ್ನ ಕ್ಷಮಿಸಿಲ್ಲ."

"ಗೊತ್ತು."

"ಯಾವತ್ತು ಕ್ಷಮಿಸ್ತೀನೋ ಗೊತ್ತೂ ಇಲ್ಲ!"

"ಆಗಲಿ. ಕಾಯ್ತೀನಿ."

"ಅಮ್ಮನ ಮುಂದೆ ಅಳೋಕಾಗಲ್ಲ ನನಗೆ. ಅಣ್ಣ ಹೋದ ಮೇಲೆ ಒಂದು ಸಲಾನೂ ಅತ್ತಿಲ್ಲ... ಯಾರ ಹತ್ರ ಅಳಲಿ? ಯಾರನ್ನ ನೆನೆದ್ರೂ ನೀವೇ ಬರ್ತೀರಲ್ಲ!"

ಅವನು ಒಂದೇ ಒಂದು ಹೆಜ್ಜೆ ಮುಂದೆ ಬಂದ. "ಅಳು, ಗುಬ್ಬಿ."

ಮೊದಲ ಸಲ ಏಕವಚನ! ಅಷ್ಟೇ ಸಾಕಾಯಿತು. ವರ್ಷದ ಅಳುವೆಲ್ಲ ಒಮ್ಮೆಲೇ ಉಕ್ಕಿ ಬಂತು. ಅವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅಣ್ಣಾ ಅಣ್ಣಾ ಎಂದು ಬಿಕ್ಕಿ ಬಿಕ್ಕಿ ಅತ್ತಳು. ಅವನ ಕಣ್ಣಿಂದಲೂ ನೀರು ಇಳಿಯುತ್ತಿತ್ತು.

"ಇನ್ಮೇಲೆ ನನ್ನಿಂದ ಏನನ್ನೂ ಬಚ್ಚಿಡಬೇಡ."

"ಇಲ್ಲ."

"ಅದನ್ನ ಕೇಳಿ ನಾನು ಎದ್ದು ಹೋಗೋ ಹಾಗಿದ್ರೂ?"

"ನೀನು ಎದ್ದು ಹೋಗೋ ಹಾಗಿದ್ರೂ, ಮೊದಲು ನಿನಗೇ ಹೇಳ್ತೀನಿ."