ತಿಳಿನೀಲಿ ಮೆರುಗಿನ ಪಾಕ

ಇಟಲಿಯ ಮೊದೆನಾ ಬಳಿಯ ಒಂದು ಟೈಲ್ಸ್ ಕಾರ್ಖಾನೆಯ ಕಂಪ್ಯೂಟರನ್ನು ಇಪ್ಪತ್ತೇಳು ವರ್ಷ ಮಗುವಿನಂತೆ ಸಾಕಿದವಳು ವಿಲ್ಮಾ ಬೊನ್ವಿಚಿನಿ. ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ನಿವೃತ್ತನಾದಾಗ ಆ ಕುರ್ಚಿ ತನ್ನದೇ ಎಂದುಕೊಂಡಿದ್ದಳು. ಯಜಮಾನ ಸಿಲ್ವಾನೊ ಅದನ್ನು ತನ್ನ ತಂಗಿಯ ಮಗ ಫುಲ್ವಿಯೊಗೆ ಕೊಟ್ಟ. ಅವನಿಗೆ ಕೆಲಸ ಕಲಿಸುವ ಹೊಣೆಯನ್ನು ಇವಳ ತಲೆಗೇ ಕಟ್ಟಿದ. ಹೊಟ್ಟೆಗೆ ಬೆಂಕಿ ಬಿದ್ದರೂ ವಿಲ್ಮಾ ನಗುನಗುತ್ತಲೇ ಕಲಿಸಿದಳು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅದಕ್ಕೆ ಅವಳು ಆರಿಸಿಕೊಂಡದ್ದು ಟ್ರಿಗರ್. ಅದೊಂದು ಪುಟ್ಟ ಪ್ರೋಗ್ರಾಂ. ಕಡತಕ್ಕೆ ಗಂಟುಹಾಕಿಟ್ಟರೆ, ಆ ಕಡತವನ್ನು ಯಾರಾದರೂ ತಿದ್ದಿದೊಡನೆ ತಾನಾಗಿ ಎದ್ದು ಕೆಲಸ ಮುಗಿಸಿ ಮಲಗುತ್ತದೆ. ವಿಲ್ಮಾಳದ್ದು ಫುಲ್ವಿಯೊ ತಿದ್ದಿದರೆ ಮಾತ್ರ ಏಳುವಂಥದ್ದು. ಕಡತದಲ್ಲಿ ಅವನು ಟೈಲ್ಸಿಗೆ ಬಳಿಯುವ ಮೆರುಗಿನ ಪಾಕ ಬರೆದರೆ, ನೀಲಿ ಬಣ್ಣ ಕೊಡುವ ಕೋಬಾಲ್ಟಿನ ಅಳತೆ ಒಂದಿದ್ದದ್ದು ಎರಡಾಗಬೇಕು. ಮಿಕ್ಕದ್ದನ್ನು ಭಟ್ಟಿ ನೋಡಿಕೊಳ್ಳುತ್ತದೆ.

ಅದನ್ನು ಇಡುವುದೆಲ್ಲಿ ಎಂದು ಮೂರು ದಿನ ತಲೆ ಕೆಡಿಸಿಕೊಂಡಳು. ಯಂತ್ರದೊಳಗಿನ ಉಗ್ರಾಣಗಳಿಗೆ ಲೈಬ್ರರಿ ಎಂದು ಹೆಸರು. ತನ್ನ ಖಾಸಗಿ ಲೈಬ್ರರಿಯಲ್ಲಿಟ್ಟರೆ ಕಳ್ಳಮಾಲನ್ನು ಸ್ವಂತ ಮನೆಯಲ್ಲೇ ಬಚ್ಚಿಟ್ಟಂತೆ. ಪ್ರೋಗ್ರಾಂಗಳ ಲೈಬ್ರರಿಯಲ್ಲಿ ಫುಲ್ವಿಯೊ ದಿನಾ ಬೆಳಗ್ಗೆ ಕಾಫಿ ಹಿಡಿದು ಕೈಯಾಡಿಸುತ್ತಾನೆ. ಹೊಸ ಹೆಸರು ಕಂಡರೆ ಕೇಳದೆ ಬಿಡುವವನಲ್ಲ. ಉಳಿದದ್ದು ಕಡತಗಳ ಲೈಬ್ರರಿ. ಅಲ್ಲಿ ಪ್ರೋಗ್ರಾಂ ಇಡಕೂಡದೆಂದು ನಿಯಮ ಮಾಡಿದವಳೇ ಅವಳು, ಹಾಗಾಗಿ ಅಲ್ಲಿ ಯಾರೂ ಹುಡುಕುವುದಿಲ್ಲ. ಬುಧವಾರ ಅಲ್ಲೇ ಇಟ್ಟಳು. ಮಾಡಿದವರ ಹೆಸರನ್ನು ಯಂತ್ರ ಪ್ರತಿ ಪ್ರೋಗ್ರಾಮಿನ ಮೇಲೂ ಒತ್ತುತ್ತದೆ. ಒತ್ತಲಿ, ಸೋಮವಾರ ಅಳಿಸಿಬಿಟ್ಟರಾಯಿತು.

ಗುರುವಾರ ಫುಲ್ವಿಯೊ ಪಾಕ ಬರೆದ. ಲಿಸ್ಬನ್ನಿನ ಆಸ್ಪತ್ರೆಯೊಂದಕ್ಕೆ ಹೋಗಬೇಕಿದ್ದ ಹನ್ನೊಂದು ಸಾವಿರ ತಿಳಿನೀಲಿ ಟೈಲ್ಸ್ ಭಾನುವಾರದೊಳಗೆ ಕಡುನೀಲಿಯಾಗಿ ಭಟ್ಟಿಯಿಂದ ಹೊರಬಿದ್ದವು. ಸೋಮವಾರ ಎಲ್ಲರಿಗಿಂತ ಮೊದಲು ಬಂದ ವಿಲ್ಮಾ ಗಂಟು ಬಿಚ್ಚಿ ಪ್ರೋಗ್ರಾಂ ಅಳಿಸಿ, ಎರಡೆರಡು ಸಲ ನೋಡಿ ಖಾತ್ರಿ ಮಾಡಿಕೊಂಡಳು.

ಹತ್ತು ಗಂಟೆಗೆ ಯಜಮಾನನ ಕೋಣೆಯಲ್ಲಿ ಫುಲ್ವಿಯೊ ಸಹಿ ಹಾಕಬೇಕಾದ ರಾಜೀನಾಮೆಯ ಕಾಗದ ಸಿದ್ಧವಾಗಿತ್ತು. ವಿಲ್ಮಾಳನ್ನೂ ಕರೆಸಿದ್ದರು.

"ಮಾವ, ನಾನು ಒಂದು ಅಂತಲೇ ಒತ್ತಿದ್ದು. ತಾಯಾಣೆ," ಎಂದ ಫುಲ್ವಿಯೊ. ವಿಲ್ಮಾಳಿಗೆ ಅಯ್ಯೋ ಎನಿಸಿತು. ಎಷ್ಟಾದರೂ ತಾನೇ ಕಲಿಸಿದ ಶಿಷ್ಯ.

"ಹಾಗಾದ್ರೆ ನಮ್ಮೆದುರಿಗೇ ಇನ್ನೊಂದ್ಸಲ ಬರಿ," ಎಂದ ಸಿಲ್ವಾನೊ. "ಅಭ್ಯಾಸದ ಯಂತ್ರದಲ್ಲಿ ಬರಿ ಮತ್ತೆ. ಹಾಳಾಗಿರೋ ಟೈಲ್ಸೇ ಸಾಕು."

"ಬರೀಲಿ ಬಿಡಿ ಯಜಮಾನ್ರೇ, ಅವರಿಗೂ ಸಮಾಧಾನ ಆಗ್ಲಿ," ಎಂದಳು ವಿಲ್ಮಾ. ಹೊಸಬರು ಕೈ ಪಳಗಿಸಿಕೊಳ್ಳುವ ಆ ಯಂತ್ರವನ್ನು ಅವಳು ಮುಟ್ಟಿಯೇ ಇರಲಿಲ್ಲ.

ಫುಲ್ವಿಯೊ ಎಲ್ಲರಿಗೂ ಕಾಣುವಂತೆ ಒಂದು ಎಂದು ಒತ್ತಿ ಉಳಿಸಿದ. ಮತ್ತೆ ತೆರೆದ. ಎರಡು. ಯಜಮಾನ ಕನ್ನಡಕ ತೆಗೆದು ಒರೆಸಿಕೊಂಡ. ಕಡತಕ್ಕೆ ಏನು ಗಂಟುಬಿದ್ದಿದೆಯೆಂದು ಯಂತ್ರವನ್ನೇ ಕೇಳುವ ಬಗೆಯನ್ನು ವಿಲ್ಮಾ ಮೊದಲ ವಾರವೇ ಕಲಿಸಿದ್ದಳು, ಫುಲ್ವಿಯೊ ಕೇಳಿದ. ಪರದೆಯ ಮೇಲೆ ಪ್ರೋಗ್ರಾಮಿನ ಹೆಸರು ಬಂತು, ಇನ್ನೊಂದು ಗುಂಡಿಗೆ ಅದನ್ನು ಮಾಡಿದವರ ಹೆಸರು: ವಿ. ಬೊನ್ವಿಚಿನಿ. ವಿಲ್ಮಾಳಿಗೆ ಆಗ ಹೊಳೆಯಿತು. ಪ್ರೋಗ್ರಾಂಗಳ ಲೈಬ್ರರಿಯಲ್ಲಿ ಇಟ್ಟಿದ್ದರೆ ಅದು ಇಲ್ಲಿಗೆ ಬರುತ್ತಲೇ ಇರಲಿಲ್ಲ. ಕಡತಗಳ ಲೈಬ್ರರಿ ಮಾತ್ರ ಪ್ರತಿ ಶುಕ್ರವಾರ ಸಂಜೆ ಐದಕ್ಕೆ, ಒಳಗೇನಿದೆಯೆಂದು ನೋಡದೆ, ಇದ್ದದ್ದು ಇದ್ದಂತೆಯೇ, ಗಂಟುಗಳ ಸಮೇತ ಇಡಿಯಾಗಿ ಅಭ್ಯಾಸದ ಯಂತ್ರಕ್ಕೆ ನಕಲಾಗುತ್ತದೆ. ಹನ್ನೊಂದು ವರ್ಷದ ಹಿಂದೆ ಆ ಏರ್ಪಾಟು ಮಾಡಿ ಮರೆತವಳೂ ಅವಳೇ.