ಬೆಳಗದ ಮಾನಿಟರ್‌ಗಳು

ಬಾಗಿಲು ತೆರೆದ ಅಣ್ಣನ ಹೆಗಲಾಚೆಯಿಂದ ಬಂದ ದನಿಯನ್ನು ಮೇಘಾ ತಕ್ಷಣ ಗುರುತಿಸಿದಳು.

"ನಮಸ್ಕಾರ ಸಾರ್. ಮೇಘಾ ಅವ್ರ ಟೀಮಿಂದ, ಅಂಜನ್ ಅಂತ. ಜಿಗಣೀಲೇ ನಮ್ಮನೆ. ಮಾನಿಟರ್ ನೋಡ್ಕೊಂಡು ಬರ್ತೀನಿ ಅಂತ ಆಫೀಸಲ್ಲಿ ಹೇಳಿ ಬಂದೆ."

ಎರಡು ವರ್ಷ ದಿನವೂ ಹೆಡ್‌ಫೋನಿನಲ್ಲಿ ಕೇಳಿದ ದನಿ. ಎದುರೆದುರು ನೋಡುತ್ತಿರುವುದು ಇದೇ ಮೊದಲು. ಹೆಲ್ಮೆಟ್ ಒತ್ತಿ ಕೂದಲು ಹಣೆಗೆ ಅಂಟಿತ್ತು. ಅವಳನ್ನು ಕಂಡು ಅವನು ನಕ್ಕ. ನಗಬೇಕೆಂದುಕೊಂಡ ಮೇಘಾ ಅಣ್ಣನ ಮುಖ ನೋಡಿದಳು.

ಅಣ್ಣ ಸಂಗಮೇಶ್ ಕೆಟ್ಟವನಲ್ಲ. ವಿಚ್ಛೇದನವಾದ ಮೇಲೆ ದಾವಣಗೆರೆಯಿಂದ ಅವಳನ್ನು ಎಲೆಕ್ಟ್ರಾನಿಕ್ ಸಿಟಿಯ ಈ ಫ್ಲಾಟಿಗೆ ಕರೆತಂದವನು ಅವನೇ. ಕೇಳಿದ್ದನ್ನೆಲ್ಲ ತಂದುಕೊಡುತ್ತಿದ್ದ. ಹೊರಗೆ ಮಾತ್ರ ಬಿಡುತ್ತಿರಲಿಲ್ಲ. "ನಮ್ಮೂರೋರು ಅರ್ಧ ಇಲ್ಲೇ ಇದಾರೆ. ಸಿಕ್ಕೋರೆಲ್ಲ ಕೇಳ್ತಾರೆ. ಮನೇಲೇ ಕೆಲ್ಸ ಮಾಡವ್ವ."

ಹಾಲಿನ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ಅವಳ ಮೇಜು. ಬೆನ್ನ ಹಿಂದೆ ಅತ್ತಿಗೆ ಶೈಲಜಾಳ ಸೋಫಾ. ಕಾಲ್ ಬಂದರೆ ಸಾಕು, ಟಿವಿಯ ಸದ್ದು ತಗ್ಗಿ ಅತ್ತಿಗೆಯ ಕಿವಿ ನಿಮಿರುತ್ತಿತ್ತು.

ಹೊಸ ಪ್ರಾಜೆಕ್ಟಿಗೆ ದೊಡ್ಡ ಸ್ಕ್ರೀನ್‌ಗಳು ಬೇಕು, ಮನೆಯಲ್ಲಿ ಆಗದಿದ್ದರೆ ಆಫೀಸಿಗೆ ಬನ್ನಿ ಎಂದಿದ್ದರು ಮ್ಯಾನೇಜರ್. ಅಂದು ರಾತ್ರಿ ಮೇಘಾಗೆ ಖುಷಿಯಿಂದ ನಿದ್ದೆ ಬರಲಿಲ್ಲ. ಆದರೆ ಅಣ್ಣನೇ ಆಫೀಸಿಗೆ ಫೋನ್ ಮಾಡಿ ಎರಡು ಮಾನಿಟರ್, ಒಂದು ಡಾಕಿಂಗ್ ಸ್ಟೇಷನ್ ತರಿಸಿಬಿಟ್ಟ. ಎರಡೂ ಮಾನಿಟರ್‌ಗಳ ಕೇಬಲ್ ಡಾಕ್‌ಗೆ, ಡಾಕ್‌ನಿಂದ ಒಂದೇ ಕೇಬಲ್ ಲ್ಯಾಪ್‌ಟಾಪಿಗೆ. ಅಷ್ಟೇ ಕೆಲಸ. ಆದರೂ ಮಾನಿಟರ್‌ಗಳು ಬೆಳಗಲಿಲ್ಲ.

ಅಂಜನ್ ಮೇಜಿನ ಕೆಳಗೆ ಮಂಡಿಯೂರಿದ. ವೈರು ಹಿಡಿದುಕೊಳ್ಳುವ ನೆಪದಲ್ಲಿ ಮೇಘಾ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತಳು. ಒಂದೊಂದೇ ಕೇಬಲ್ ತಡವುತ್ತ ಹೋದ ಅವನ ಬೆರಳು ಡಾಕ್‌ನ ಹಿಂದೆ ನಿಂತಿತು. ಕರೆಂಟ್ ಕೊಡುವ ಜಾಗ ಖಾಲಿ.

"ಇದರ ಅಡಾಪ್ಟರ್..." ಎನ್ನುತ್ತ ತಲೆಯೆತ್ತಿದ.

ಮೇಘಾ ಸಣ್ಣಗೆ ತಲೆಯಾಡಿಸಿದಳು. ಬೇಡ. ಅವನ ತುಟಿಯಂಚಿಗೆ ಬಂದ ನಗು, ಅವಳ ತುಂಬಿದ ಕಣ್ಣು ಕಂಡು ಅಲ್ಲೇ ನಿಂತಿತು.

"ಏನ್ರೀ ಪ್ರಾಬ್ಲಮ್ಮು?" ಅಣ್ಣ ಕುರ್ಚಿಯಿಂದಲೇ ಬಗ್ಗಿದ.

"ಡಾಕ್ ಹೋಗಿದೆ ಸಾರ್," ಎಂದ ಅಂಜನ್, ಅವಳನ್ನೇ ನೋಡುತ್ತ. "ಹೊಸದು ಬರೋವರ್ಗೂ ಇವ್ರು ಆಫೀಸಿಗೇ ಬರ್ಬೇಕಾಗತ್ತೆ."

"ಅದ್ಯಾಕೆ? ಈಗ್ಲೇ ಎಸ್.ಪಿ. ರೋಡಿಗೆ ಹೋಗಿ ತರ್ತೀನಿ."

ಅಣ್ಣ ಆಗಲೇ ಕಾರಿನ ಕೀ ಹುಡುಕುತ್ತಿದ್ದ. ಇದು ಕೆಟ್ಟರೆ ಇನ್ನೊಂದು, ಅದು ಕೆಟ್ಟರೆ ಮತ್ತೊಂದು. ಮೇಘಾ ಎದ್ದು ತನ್ನ ರೂಮಿಗೆ ಹೋದಳು. ಬಟ್ಟೆಗಳ ಅಡಿಯಲ್ಲಿದ್ದ ಅಡಾಪ್ಟರ್ ತಂದು, ಎಲ್ಲರೆದುರೇ ಡಾಕ್‌ಗೆ ಸಿಕ್ಕಿಸಿದಳು.

ಎರಡೂ ಮಾನಿಟರ್ ಬೆಳಗಿದವು.

"ಡಾಕ್ ಚೆನ್ನಾಗೇ ಇದೆ ಅಣ್ಣ. ನಾನೇ ಬಚ್ಚಿಟ್ಟಿದ್ದೆ." "ಈಗ ಎಲ್ಲ ಸರಿಹೋಗಿದೆ. ಆದ್ರೂ ಸೋಮವಾರದಿಂದ ಆಫೀಸಿಗೆ ಹೋಗ್ತೀನಿ."

"ಜನ ಕೇಳಿದ್ರೆ?"

"ನನ್ನನ್ನೇ ಕೇಳ್ಲಿ. ನಾನೇ ಹೇಳ್ತೀನಿ."

ಅತ್ತಿಗೆ ಟಿವಿಯನ್ನೇ ಆರಿಸಿಬಿಟ್ಟಳು.

ಅಂಜನ್ ಹೊರಟಾಗ ಮೇಘಾ ಲಿಫ್ಟಿನವರೆಗೆ ಬಂದಳು. ಅಣ್ಣ ಬಾಗಿಲಲ್ಲೇ ನಿಂತಿದ್ದ.

"ಸುಳ್ಳು ಯಾಕೆ ಹೇಳಿದ್ರಿ?" ಪಿಸುಗುಟ್ಟಿದಳು.

"ನೀವು ಬರ್ಲಿ ಅಂತ." ಅವನು ಹೆಲ್ಮೆಟ್ಟಿನ ಪಟ್ಟಿ ತಿರುಚುತ್ತಿದ್ದ. "ಸಪೋರ್ಟ್‌ನೋರು ಬರ್ತಿದ್ರು. ನಾನೇ ಹೋಗ್ತೀನಿ ಅಂತ ಹಟ ಮಾಡ್ಬಂದೆ. ಬರೀ ದನಿ ಕೇಳಿ ಕೇಳಿ ಸಾಕಾಗಿತ್ತು ಕಣ್ರೀ."

"ನಂಗೆ ಮದುವೆ ಆಗಿ ಮುರಿದಿದೆ."

"ಗೊತ್ತು."

"ನಮ್ಮನೇಲಿ ಯಾರೂ ಒಪ್ಪಲ್ಲ."

"ನಮ್ಮನೇಲೂ ಕಷ್ಟಾನೇ. ಆದ್ರೂ ಕೇಳ್ತಿದೀನಿ."

ಲಿಫ್ಟು ಬಂತು. "ಮೇಘಾ, ಒಳಗೆ ಬಾ," ಎಂದ ಅಣ್ಣ.

"ಗೇಟ್‌ವರ್ಗೂ ಬಿಟ್ಟು ಬರ್ತೀನಿ ಅಣ್ಣ," ಎಂದು ಅವಳು ಲಿಫ್ಟಿನೊಳಗೆ ಕಾಲಿಟ್ಟಳು. ಅಂಜನ್ ಹಿಂದೆಯೇ ಬಂದ. ಬಾಗಿಲು ಮುಚ್ಚಿತು.

ಕೈ ಹಿಡಿದವಳು ಅವಳೇ.